ಹಿಡಿದು ಬಿಡಿ

ಏಪ್ರಿಲ್ ೭, ಭಾನುವಾರ

ನನ್ನ ಭಾನುವಾರಕ್ಕೆ ಕಲ್ಲು ಹಾಕಿದರು. ಬೆಳಗ್ಗೆ ಗಾಳದ ಕೋಲು ಹೆಗಲಿಗೇರಿಸಿಕೊಂಡು ಹೋದರೆ ಕೆರೆಯ ಗೇಟಿಗೆ ನಗರಸಭೆಯ ನೋಟಿಸು ಅಂಟಿಸಿದೆ. ಕೆರೆಯನ್ನು ಪೂರ್ತಿ ಮುಚ್ಚಿ ಸುತ್ತ ಬೇಲಿ ಹಾಕುತ್ತಾರಂತೆ. ಗಾಳ ಹಾಕುವುದು ಹಾಗಿರಲಿ, ದಡದಲ್ಲಿ ಕೂರುವುದಕ್ಕೂ ಇಲ್ಲವಂತೆ. ಆಕ್ಷೇಪಣೆ ಇದ್ದವರು ಜೂನ್ ಮೊದಲ ಶನಿವಾರ ಶಾಲೆಯ ಹಾಲ್‌ಗೆ ಬಂದು ಹೇಳಬಹುದಂತೆ. ಕೆಳಗೆ ‘ಕೆರೆ ಬಳಗದ ಮನವಿಯ ಮೇರೆಗೆ’ ಎಂದು ಬರೆದಿತ್ತು. ಕೆರೆ ಬಳಗ ಎಂದರೆ ಮುಖ್ಯವಾಗಿ ನನ್ನ ಸ್ವಂತ ತಂಗಿ. ನಮ್ಮ ಮನೆಯ ಮಹಡಿಯಲ್ಲಿ ವಾಸ, ನಮ್ಮ ಅಡುಗೆಮನೆಯಲ್ಲಿ ಊಟ.

ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಬಂದೆ. ಗುಬ್ಬಿ ಮೇಜಿನ ಮುಂದೆ ಕೂತು ಬ್ರೆಡ್ಡಿಗೆ ಜಾಮ್ ಸವರುತ್ತಿದ್ದಳು. ಐವತ್ತು ದಾಟಿದ್ದಾಳೆ, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ, ಆದರೂ ಮನೆಯಲ್ಲಿ ಅವಳು ಗುಬ್ಬಿಯೇ.

“ಇದು ನಿಂದೇ ಕೆಲಸಾನಾ?”

“ನಂದೇ. ಬ್ರೆಡ್ ಬೇಕಾ?”

“ನನ್ನ ತಲೆ ಬೇಕಾ ಅಂತ ಕೇಳು!”

“ಅಣ್ಣ, ವಾರವೆಲ್ಲಾ ಜನರ ಬಾಯಿನೋವು ವಾಸಿ ಮಾಡ್ತೀಯ. ಭಾನುವಾರ ಬಂದ್ರೆ ಇನ್ನೊಂದು ಜೀವದ ಬಾಯಿಗೆ ಕೊಕ್ಕೆ ಹಾಕಿ ಎಳೀತೀಯ. ನಿಂಗೆ ಏನೂ ಅನ್ಸಲ್ವಾ?”

ನಾನು ಹಲ್ಲಿನ ಡಾಕ್ಟರು. ಈ ಮಾತನ್ನು ಅವಳು ಎಷ್ಟು ವರ್ಷದಿಂದ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದಳೋ ಏನೋ, ಸರಿಯಾದ ಹೊತ್ತಿಗೆ ಹೊರಗೆ ಹಾಕಿದಳು. ಉತ್ತರ ಹೊಳೆದದ್ದು ಸ್ನಾನದ ಮನೆಯಲ್ಲಿ. ಕೆರೆಗೆ ಚರಂಡಿ ನೀರು ಬಿಟ್ಟಾಗ ಮೊದಲು ನೋಡಿದ್ದು ಯಾರು? ಮೀನು ಬಾಯಿ ಬಿಟ್ಟುಕೊಂಡು ಮೇಲೆ ಬಂದದ್ದನ್ನು ಕಂಡು ನಗರಸಭೆಯ ಮೆಟ್ಟಿಲ ಮೇಲೆ ಕೂತವರು ಯಾರು? ನಾವು, ಗಾಳ ಹಾಕುವವರು! ದಡದಲ್ಲಿ ಯಾರೂ ಇಲ್ಲದ ಮೇಲೆ ಕೆರೆಗೆ ಏನಾದರೂ ಆದರೆ ನೋಡುವವರು ಯಾರು, ಬೇಲಿಯ ಕಂಬವೇ? ಇಷ್ಟನ್ನು ಮೈಗೆಲ್ಲ ಸೋಪು ಹಚ್ಚಿಕೊಂಡು ಗೋಡೆಗೆ ಹೇಳಿದೆ.

ಇಲ್ಲಿ ಒಂದು ಮಾತು ಬರೆದುಕೊಳ್ಳುತ್ತೇನೆ, ಯಾರೂ ಓದುವುದಿಲ್ಲವಲ್ಲ. ಹಲ್ಲಿನ ಡಾಕ್ಟರನ್ನು ಕಂಡು ಖುಷಿಪಟ್ಟ ಒಬ್ಬನನ್ನೂ ನಾನು ನೋಡಿಲ್ಲ. ಸೋಮವಾರದಿಂದ ಶನಿವಾರದವರೆಗೆ ನನ್ನ ಕುರ್ಚಿಯಲ್ಲಿ ಕೂರುವವರೆಲ್ಲ ನನಗೆ ಹೆದರಿಕೊಂಡೇ ಕೂರುತ್ತಾರೆ. ಆ ಕೆರೆಯ ದಡದಲ್ಲಿ ಮಾತ್ರ ನನ್ನನ್ನು ಕಂಡರೆ ಯಾರಿಗೂ ಭಯವಿಲ್ಲ. ಆ ಒಂದು ಬೆಳಗ್ಗೆ ಕಿತ್ತುಕೊಂಡರೆ ಉಳಿದ ಆರು ದಿನ ನನ್ನಿಂದಾಗುವುದಿಲ್ಲ.

ಏಪ್ರಿಲ್ ೧೪, ಭಾನುವಾರ

ನಮ್ಮ ಗಾಳ ಹಾಕುವವರ ಸಂಘದ ತುರ್ತು ಸಭೆ. ನಾನು ಕಾರ್ಯದರ್ಶಿ, ಮೇಷ್ಟ್ರು ಅಧ್ಯಕ್ಷರು (ನಿವೃತ್ತ ಲೆಕ್ಕದ ಮೇಷ್ಟ್ರು, ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು, ನನ್ನದೇ ಕೆಲಸ). ನಾವೂ ಕೆರೆಯ ಹಿತ ಬಯಸುವವರೇ ಎಂದು ತೋರಿಸಬೇಕು, ಇಲ್ಲದಿದ್ದರೆ ಕೆರೆ ಹೋಯಿತು ಎಂದು ಮೇಷ್ಟ್ರು ಹೇಳಿದರು. ನಾನು ಒಂದು ನಿಯಮ ಮುಂದಿಟ್ಟೆ: ಹಿಡಿದ ಮೀನನ್ನು ಎಲ್ಲರೂ ವಾಪಸು ನೀರಿಗೆ ಬಿಡಬೇಕು. ಗಾಳದ ತುದಿಯಲ್ಲಿ ಹಿಂದಕ್ಕೆ ತಿರುಗಿದ ಸಣ್ಣ ಮುಳ್ಳಿರುತ್ತದಲ್ಲ, ಮೀನು ಜಾರದ ಹಾಗೆ ಹಿಡಿಯುವುದು, ಅದನ್ನು ಸವೆಸಿಬಿಡಬೇಕು.

ಬೇಕರಿಯವನು ಎದ್ದು ನಿಂತ. “ತಿನ್ನದೇ ಇದ್ದ ಮೇಲೆ ಹಿಡಿಯೋದ್ಯಾಕೆ ಡಾಕ್ಟ್ರೇ? ನಾನು ವಾರಕ್ಕೆ ಒಂದು ಹಿಡೀತೀನಿ, ಮನೇಲಿ ಎಲ್ಲಾರೂ ತಿಂತೀವಿ, ಮುಗೀತು. ನೀವು ಹತ್ತು ಹಿಡಿದು ಹತ್ತಕ್ಕೂ ಬಾಯಿ ಹರಿದು ಬಿಡ್ತೀರ. ಪಾಪ ಯಾರಿಗೆ ಜಾಸ್ತಿ?”

ಗುಬ್ಬಿಯೇ ಇವನಿಗೆ ಹೇಳಿಕೊಟ್ಟು ಕಳಿಸಿದಳೋ ಎಂದು ಅನುಮಾನ ಬಂತು. ಕೊನೆಗೆ ನಿಯಮಕ್ಕೆ ಎಲ್ಲರೂ ಒಪ್ಪಿದರು. ಬೇಕರಿಯವನು ಮಾತ್ರ ಮುಖ ಊದಿಸಿಕೊಂಡು ಒಪ್ಪಿದ.

ಏಪ್ರಿಲ್ ೧೭, ಬುಧವಾರ

ಮಧ್ಯಾಹ್ನ ರೋಗಿಗಳಿರಲಿಲ್ಲ. ಹಲ್ಲು ಕೊರೆಯುವ ಯಂತ್ರಕ್ಕೆ ಹಳೆಯ ತುದಿ ಹಾಕಿ ಸಂಘದವರ ಗಾಳಗಳ ಮುಳ್ಳನ್ನೆಲ್ಲ ಸವೆಸಿದೆ. ಕ್ಲಿನಿಕ್ಕಿನ ಮುಂಬಾಗಿಲ ಮೇಜು ನನ್ನ ಹೆಂಡತಿಯದು. ಸದ್ದು ಕೇಳಿ ಒಳಗೆ ಬಂದಳು.

“ಒಳಗೆ ಯಾರೂ ಇಲ್ಲ, ಯಾರ ಹಲ್ಲು ಕೊರೀತಿದ್ದೀರಿ?” ಎಂದವಳು ತಟ್ಟೆಯಲ್ಲಿದ್ದ ಗಾಳಗಳನ್ನು ನೋಡಿ ಹಣೆ ಚಚ್ಚಿಕೊಂಡಳು. “ರೀ, ಆ ತುದೀನ ಇನ್ನು ಯಾರ ಬಾಯಿಗೂ ಇಡ್ಬೇಡಿ, ನಿಮಗೆ ಪುಣ್ಯ ಬರುತ್ತೆ.”

ಸಂಜೆ ಒಂದು ಗಾಳವನ್ನು ಗುಬ್ಬಿಗೆ ತೋರಿಸಿದೆ. ಬೆರಳಿಗೆ ಒತ್ತಿ ನೋಡಿದಳು.

“ಚುಚ್ಚುತ್ತೆ.”

“ಗಾಳ ಚುಚ್ಚದೇ ಮುದ್ದಾಡುತ್ತಾ? ಹೊರಗೆ ತೆಗೆಯೋವಾಗ ಹರಿಯಲ್ಲ, ಅದನ್ನ ಹೇಳ್ತಿದ್ದೀನಿ.”

“ನಿನ್ನ ಪ್ರೀತಿ ಹೀಗೇ ಅಣ್ಣ. ಕೈಗೆ ಸಿಗದೇ ಇದ್ರೆ ಪ್ರೀತಿನೇ ಬರಲ್ಲ ನಿಂಗೆ.”

“ನಿಂದೇನು? ನೀನು ಒಂದು ಮೀನನ್ನಾದ್ರೂ ಕೈಲಿ ಹಿಡಿದಿದ್ದೀಯಾ ಇಷ್ಟು ವರ್ಷದಲ್ಲಿ?”

“ಹಿಡಿದಿಲ್ಲ. ಅದಕ್ಕೇ ಹೆಮ್ಮೆ,” ಎಂದು ಮಹಡಿ ಹತ್ತಿದಳು. ಮಾತಿಗೆ ಮಾತು ಕೊಡುವುದರಲ್ಲಿ ಅಪ್ಪನ ಹಾಗೆಯೇ. ಸಿಟ್ಟು ಬಂದರೂ ಅವಳನ್ನು ನೋಡುತ್ತಲೇ ಇರಬೇಕು ಎನಿಸುತ್ತದೆ.

ಏಪ್ರಿಲ್ ೨೬, ಶುಕ್ರವಾರ

ಗೇಟಿನ ಪಕ್ಕ ಸಂಘದ ಬೋರ್ಡು ನಿಲ್ಲಿಸಿದೆವು. ಒಕ್ಕಣೆ ನನ್ನದು, ಚುಟುಕಾಗಿ, ಓದಿದವರ ತಲೆಯಲ್ಲಿ ಉಳಿಯುವ ಹಾಗೆ. ಹಳದಿಯ ಮೇಲೆ ದಪ್ಪ ನೀಲಿ ಅಕ್ಷರ. ಎರಡು ಸಲ ಓದಿ, ಬೋರ್ಡು ಬರೆದವನ ಬೆನ್ನು ತಟ್ಟಿದೆ. ಮೇಷ್ಟ್ರೂ ಭೇಷ್ ಅಂದರು. ಇನ್ನು ಗುಬ್ಬಿಯ ಬಳಗ ಏನು ಹೇಳುತ್ತದೋ ನೋಡೋಣ.

ಏಪ್ರಿಲ್ ೨೮, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಬೆಳಗ್ಗೆ ಹೋದರೆ ಗೇಟಿನಿಂದ ರಸ್ತೆಯವರೆಗೆ ಸ್ಕೂಟರು, ಸೈಕಲ್ಲು. ಕೆರೆಯೊಳಗೆ ಜನವೋ ಜನ. ಬಕೆಟ್ಟು ತಂದವರು, ಸೊಳ್ಳೆ ಪರದೆ ತಂದವರು, ಒಂದು ಸಂಸಾರವಂತೂ ಬಟ್ಟೆ ಒಗೆಯುವ ಟಬ್ಬನ್ನೇ ಹೊತ್ತು ತಂದಿತ್ತು. ಎಲ್ಲರೂ ನಿಂತದ್ದು ಜೊಂಡಿನ ಕಡೆ, ನೀರು ಮೊಣಕಾಲುದ್ದ ಇರುವಲ್ಲಿ. ಈಗ ಗೆಂಡೆ ಮೀನು ಮೊಟ್ಟೆಯಿಡುವ ಕಾಲ. ಹೊಟ್ಟೆ ತುಂಬಿಕೊಂಡು ಜೊಂಡಿನ ಬುಡಕ್ಕೆ ಬಂದು ನಿಂತಿರುತ್ತವೆ, ಓಡುವುದಿಲ್ಲ, ಕೈಯಲ್ಲೇ ಬಾಚಬಹುದು. ಬಾಚುತ್ತಿದ್ದರು!

“ಯಾರ್ರೀ ಹೇಳಿದ್ದು ನಿಮಗೆ? ನಿಲ್ಲಿಸ್ರೀ!” ಎಂದು ಕಿರುಚಿದೆ.

ಟಬ್ಬಿನ ಹೆಂಗಸು ತಣ್ಣಗೆ ಗೇಟಿನ ಕಡೆ ಕೈ ತೋರಿಸಿದಳು. “ಬೋರ್ಡಲ್ಲೇ ಬರೆದಿದೆಯಲ್ಲ ಸಾರ್. ದೊಡ್ಡೋರು ಅಪರೂಪಕ್ಕೆ ಒಂದು ಒಳ್ಳೇದು ಮಾಡಿದಾರೆ ಅಂತ ಬಂದ್ವಿ.”

ಓಡಿಹೋಗಿ ಬೋರ್ಡು ಓದಿದೆ. ಮೂರನೆಯ ಸಲ ಓದಿದೆ, ಮೊದಲನೆಯ ಸಲ ಕಣ್ಣು ಬಿಟ್ಟು ಓದಿದೆ. ನಾನು ಬರೆದುಕೊಟ್ಟದ್ದು ‘ಇಲ್ಲಿ ಮೀನು ಹಿಡಿದು ಬಿಡಿ’. ಬೋರ್ಡಿನಲ್ಲಿದ್ದದ್ದು ‘ಇಲ್ಲಿ ಮೀನು ಹಿಡಿದುಬಿಡಿ’. ನಡುವೆ ಬಿಡಬೇಕಾಗಿದ್ದ ಒಂದು ಬೆರಳಿನಷ್ಟು ಜಾಗ ಬಿಟ್ಟಿರಲಿಲ್ಲ. ನೋಡಿದ ಊರಿನವರೆಲ್ಲ ಸರಿಯಾಗಿಯೇ ಓದಿಕೊಂಡಿದ್ದರು: ಬನ್ನಿ, ಹಿಂದೆಮುಂದೆ ನೋಡಬೇಡಿ, ಹಿಡಿದೇಬಿಡಿ!

ಬೋರ್ಡನ್ನು ಅಲುಗಾಡಿಸಿ ಕಿತ್ತು ಬೀಳಿಸಿದೆ. ಮನೆಗೂ ಬೇಕರಿಯವನಿಗೂ ಫೋನು ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ, ಅತ್ತಿರಬೇಕು, ಏಕೆಂದರೆ ಗುಬ್ಬಿ ಮನೆಯ ಚಪ್ಪಲಿಯಲ್ಲೇ ಓಡಿಬಂದಳು. ಬಂದವಳೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕಾಲೇಜಿನ ಗಂಟಲು ಅವಳದು. “ಎಲ್ಲಾರೂ ಇಲ್ಲಿ ನೋಡಿ! ಈ ಹೊಟ್ಟೆ ನೋಡಿ! ಇದೊಂದರಲ್ಲಿ ಸಾವಿರಾರು ಮರಿ ಇದೆ. ಈಗ ಬಿಟ್ರೆ ಮುಂದಿನ ವರ್ಷಾನೂ ಕೆರೇಲಿ ಮೀನಿರುತ್ತೆ!” ಕೆಲವರು ನಾಚಿಕೊಂಡು ಬಕೆಟ್ಟು ಬೋರಲು ಹಾಕಿದರು. ಕೆಲವರು ಬಕೆಟ್ಟಿನ ಸಮೇತ ಪರಾರಿಯಾದರು.

ನಾನೂ ಅವಳೂ ಟಬ್ಬಿನ ಎರಡು ಕಡೆ ಬಗ್ಗಿದೆವು. ಅವಳು ಒಂದು ಗೆಂಡೆಗೆ ಕೈ ಹಾಕಿದಳು.

“ಕೈ ಒದ್ದೆ ಮಾಡ್ಕೋ! ಒಣಗಿದ ಕೈಲಿ ಮುಟ್ಟಿದ್ರೆ ಮೈ ಮೇಲಿನ ಲೋಳೆ ಹೋಗುತ್ತೆ.”

ಕೈ ಅದ್ದಿಕೊಂಡಳು. ಎರಡು ಕೈಯಲ್ಲಿ ಎತ್ತಿ ಹಿಡಿದಳು. “ಅಣ್ಣ, ಇದರ ಎದೆ ಹೊಡ್ಕೋತಿದೆ,” ಎಂದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. “ಬಿಡೇ, ಮುಳುಗಿಸು,” ಎಂದೆ. ನೀರೊಳಗೆ ಕೈ ತೆರೆದಳು. ಮೀನು ಒಂದು ಗಳಿಗೆ ಅಲ್ಲೇ ನಿಂತು, ಬಾಲ ಬೀಸಿ ಹೋಯಿತು.

ಅಷ್ಟರಲ್ಲಿ ಬೇಕರಿಯವನು, ಮೇಷ್ಟ್ರು, ಸಂಘದವರೆಲ್ಲ ಬಂದು ನೀರಿಗಿಳಿದಿದ್ದರು. ವಾರಕ್ಕೊಂದು ತಿನ್ನುತ್ತೇನೆ ಎಂದ ಬೇಕರಿಯವನೇ ಎಲ್ಲರಿಗಿಂತ ಹೆಚ್ಚು ಬಿಡಿಸಿದ. ಜೊಂಡು ಅರ್ಧಕ್ಕರ್ಧ ತುಳಿದು ಹಾಳಾಗಿದೆ. ಮೊಟ್ಟೆಗಳು ಅಂಟಿರುವುದು ಅದಕ್ಕೇ.

ಏಪ್ರಿಲ್ ೨೯, ಸೋಮವಾರ

ಬೋರ್ಡು ಬರೆದವನು ಬಂದಿದ್ದ. “ಜಾಗ ಸಾಲ್ಲಿಲ್ಲ ಡಾಕ್ಟ್ರೇ, ಸ್ವಲ್ಪ ಒತ್ತರಿಸಿದೆ. ಅಕ್ಷರ ಒಂದೂ ಬಿಟ್ಟಿಲ್ಲ ನೋಡಿ.” ಅವನ ಮೇಲೆ ಕೂಗಾಡಬೇಕೆಂದಿದ್ದೆ. ಓದಿ ಬೆನ್ನು ತಟ್ಟಿದವನು ನಾನೇ. ಇವತ್ತು ಹಲ್ಲು ಕೀಳಬೇಕಿದ್ದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದೆ.

ಕೆರೆ ಬಳಗದ ಹತ್ತಿರ ಬೋರ್ಡಿನ ಫೋಟೊ ಇದೆಯಂತೆ. ಸಭೆಯಲ್ಲಿ ದೊಡ್ಡದು ಮಾಡಿ ತೋರಿಸುತ್ತಾರಂತೆ. ತೋರಿಸಿದರೆ ನಮ್ಮ ಕಥೆ ಮುಗಿಯಿತು. ಬಳಗದ ಪರವಾಗಿ ಮಾತಾಡುವವಳು ಗುಬ್ಬಿ. ಊಟಕ್ಕೆ ಕೂತಾಗ ಅವಳೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಹೆಂಡತಿ ಇಬ್ಬರಿಗೂ ಬಡಿಸಿ, “ನಿಮ್ಮಿಬ್ಬರ ಜಗಳಾನೇ ವಾಸಿ, ಈ ಮೌನ ನನ್ನ ಕೈಲಾಗಲ್ಲ,” ಎಂದಳು.

ಮೇ ೪, ಶನಿವಾರ

ಕ್ಲಿನಿಕ್ಕಿಗೆ ಮೊದಲು ದಿನವೂ ಕೆರೆಗೆ ಹೋಗಿ ಜೊಂಡು ನೋಡಿ ಬರುತ್ತಿದ್ದೇನೆ. ಬಗ್ಗಿದ್ದನ್ನು ನೆಟ್ಟಗೆ ಮಾಡುತ್ತೇನೆ, ಅದು ಮತ್ತೆ ಬಗ್ಗುತ್ತದೆ. ಇವತ್ತು ಹಿಂದಿನಿಂದ ಯಾರೋ ಬಂದ ಹಾಗಾಯಿತು. ಗುಬ್ಬಿ, ಎರಡು ಲೋಟ ಚಹಾ ಹಿಡಿದುಕೊಂಡು.

“ಅದನ್ನ ಎಬ್ಬಿಸೋಕೆ ಹೋಗ್ಬೇಡ, ತಾನೇ ಏಳುತ್ತೆ. ನೀನು ತುಳಿದು ಇನ್ನೊಂದಿಷ್ಟು ಹಾಳು ಮಾಡ್ತಿದ್ದೀಯ,” ಎಂದಳು. ಕಾಲು ಹೊರಗೆ ತೆಗೆದೆ. ಚಹಾ ತಣ್ಣಗಾಗಿತ್ತು, ಸಕ್ಕರೆಯೂ ಇರಲಿಲ್ಲ. ಆದರೂ ಕುಡಿದೆ.

ಮೇ ೯, ಗುರುವಾರ

ಮರಿಗಳು! ಜೊಂಡಿನ ನೆರಳಲ್ಲಿ, ಕೂದಲೆಳೆಯಷ್ಟು, ಕಣ್ಣು ಮಾತ್ರ ಕಾಣುತ್ತದೆ. ಬದುಕಿಕೊಂಡವು. ಕ್ಲಿನಿಕ್ಕಿನಲ್ಲಿ ಮೊದಲ ರೋಗಿಗೆ ಈ ಸುದ್ದಿ ಹೇಳಿದೆ. ಪಾಪ, ಬಾಯಿ ತೆರೆದುಕೊಂಡಿದ್ದ, ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಮೇ ೧೯, ಭಾನುವಾರ

ಇವತ್ತೂ ಕೋಲು ಕಾರಿನಲ್ಲೇ ಉಳಿಯಿತು. ತೆಗೆಯೋಣ ಅಂದುಕೊಂಡೆ, ಮರಿ ನೋಡುವಷ್ಟರಲ್ಲಿ ಬಿಸಿಲೇರಿತು. ಮೇಷ್ಟ್ರು ಕೆರೆಯ ಆಚೆ ಕಡೆಯ ಮೆಟ್ಟಿಲಿನಿಂದ, “ಏನಾದ್ರೂ ಬಿತ್ತಾ ಡಾಕ್ಟ್ರೇ?” ಎಂದು ಕೂಗಿದರು. ಇಲ್ಲ ಎಂದೆ. “ಕೋಲೇ ಹಾಕದೆ ಬೀಳೋದು ಹೇಗ್ರೀ?” ಎಂದರು. ಹೋದ ವಾರವೂ ಇದನ್ನೇ ಹೇಳಿದ್ದರು. ವಯಸ್ಸಾದ ಮೇಲೆ ಹೇಳಿದ್ದನ್ನೇ ಹೇಳುತ್ತಾರೆ.

ಗುಬ್ಬಿಯೂ ಬಂದಿದ್ದಳು. ಮೇಷ್ಟ್ರ ಗಾಳದ ದಾರಕ್ಕೆ ಕಟ್ಟಿದ ಬೆಂಡು ನೀರಲ್ಲಿ ಕುಣಿಯುವುದನ್ನು ನೋಡಿ, ಅದು ಗಾಳಿಗೋ ಮೀನಿಗೋ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಗಾಳಿಗಾದರೆ ಓಲಾಡುತ್ತದೆ, ಮೀನು ಮೂಸಿದರೆ ನಡುಗುತ್ತದೆ, ಕಚ್ಚಿದರೆ ಮುಳುಗುತ್ತದೆ ಎಂದು ವಿವರಿಸಿದೆ. ಬಹಳ ಹೊತ್ತು ಬೆಂಡನ್ನೇ ನೋಡಿದಳು. “ನಡುಗ್ತು! ಅಲ್ಲಿ!” ಎಂದು ಪಿಸುಗುಟ್ಟಿದಳು. ಅದು ಗಾಳಿಯಾಗಿತ್ತು. ಹೇಳಲಿಲ್ಲ.

ಸಭೆಯಲ್ಲಿ ಏನು ಹೇಳುತ್ತೀಯ ಎಂದು ಕೇಳಲು ಹೋಗಿ, ಚಹಾ ತಂದಿದ್ದೀಯಾ ಎಂದು ಕೇಳಿದೆ.

ಜೂನ್ ೧, ಶನಿವಾರ

ಶಾಲೆಯ ಹಾಲ್ ತುಂಬಿತ್ತು. ಎಡಗಡೆ ನಾವು, ಬಲಗಡೆ ಕೆರೆ ಬಳಗ, ಮದುವೆ ಮನೆಯಲ್ಲಿ ಎರಡು ಕಡೆಯವರು ಕೂತ ಹಾಗೆ. ವೇದಿಕೆಯಲ್ಲಿ ನಗರಸಭೆಯ ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿಕ್ಕವಳಿದ್ದಾಗ ಹಲ್ಲಿಗೆ ತಂತಿ ಹಾಕಿದ್ದು ನಾನೇ. ಹಲ್ಲುಗಳು ನೆಟ್ಟಗೆ ನಿಂತಿವೆ, ಒಳ್ಳೆಯ ಶಕುನ ಎಂದುಕೊಂಡೆ.

ಮೊದಲು ನನ್ನನ್ನು ಕರೆದರು. ಇಡೀ ಕೆರೆ ನಮಗೆ ತೆರೆದಿರಬೇಕು, ಜೊಂಡಿನ ಕಡೆಯಂತೂ ಖಂಡಿತ, ಮೀನು ಹೆಚ್ಚು ಸಿಗುವುದೇ ಅಲ್ಲಿ ಎಂದು ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಚರಂಡಿ ನೀರಿನ ಕಥೆ ಹೇಳಿದೆ, ಮುಳ್ಳು ಸವೆಸಿದ್ದು ಹೇಳಿದೆ, ಬೋರ್ಡಿನ ತಪ್ಪು ನನ್ನದೆಂದೂ ಹೇಳಿದೆ. ಆಮೇಲೆ ಬಾಯಿತಪ್ಪಿ ಬಂತು: “ಮೆಟ್ಟಿಲ ಕಡೆ ಬಿಟ್ಟುಕೊಡಿ ಸಾಕಮ್ಮ. ಜೊಂಡಿನ ಕಡೆ ನಮಗೆ ಬೇಡ. ವರ್ಷಪೂರ್ತಿ ಬೇಡ. ಅಲ್ಲಿ ಮರಿಗಳಿವೆ.” ಎಡಗಡೆಯಿಂದ “ಡಾಕ್ಟ್ರೇ!” ಎಂಬ ಕೂಗು. ಮೇಷ್ಟ್ರ ಹಲ್ಲು ಕಟಕಟ ಎಂದದ್ದು ನನಗೆ ಅಲ್ಲಿಗೇ ಕೇಳಿಸಿತು.

ಆಮೇಲೆ ಗುಬ್ಬಿ. ಕೈಯಲ್ಲಿ ಫೋಟೊ. ಈಗ ತೋರಿಸುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ತೋರಿಸಿದಳು, ಆದರೆ ಅದು ಬೋರ್ಡಿನದಲ್ಲ. ಬೇಕರಿಯವನು ಸೊಂಟದವರೆಗೆ ನೀರಲ್ಲಿ ನಿಂತು ಟಬ್ಬು ಬಗ್ಗಿಸುತ್ತಿರುವುದು.

“ನಾನು ಹತ್ತು ವರ್ಷದಿಂದ ಈ ಕೆರೆಗೆ ಬೇಲಿ ಕೇಳ್ತಿದ್ದೀನಿ,” ಎಂದಳು. “ಅವತ್ತು ನಾನು ನಮ್ಮ ಬಳಗದವರಿಗೆಲ್ಲ ಫೋನ್ ಮಾಡಿದೆ. ದೂರು ಕೊಡೋಣ, ಫೋಟೊ ತೆಗೆದಿಡಿ ಅಂದ್ರು. ನೀರಿಗಿಳಿದೋರು ಇವರು. ಬೇಲಿ ಇದ್ದಿದ್ರೆ ನಾನೂ ಹೊರಗೆ ನಿಂತು ಫೋಟೊನೇ ತೆಗೀಬೇಕಿತ್ತು. ಮೀನಿಗೆ ಗಾಳ ಹಾಕೋದು ನಂಗೆ ಇವತ್ತಿಗೂ ಇಷ್ಟ ಇಲ್ಲ. ಆದ್ರೆ ಕೆರೆ ಹತ್ರ ದಿನಾ ಬರೋರು ಬೇಕು. ಮೆಟ್ಟಿಲ ಕಡೆ ತೆರೆದಿಡಿ.”

ಅಧಿಕಾರಿ ಪೆನ್ನು ಕೆಳಗಿಟ್ಟಳು. “ಒಂದು ನಿಮಿಷ. ಮುಚ್ಚಿ ಅಂತಿರೋದು ಡಾಕ್ಟರು, ತೆರೀರಿ ಅಂತಿರೋದು ಮೇಡಮ್ಮು. ನೀವಿಬ್ರೂ ಸರಿಯಾದ ಕಡೆನೇ ಕೂತಿದ್ದೀರಾ?” ಎಂದಳು. ಹಾಲ್‌ನಲ್ಲಿ ಯಾರೂ ನಗಲಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಜೂನ್ ೧೨, ಬುಧವಾರ

ತೀರ್ಮಾನ ಬಂತು. ಜೊಂಡಿನ ಕಡೆ ಶಾಶ್ವತವಾಗಿ ಬಂದ್. ಮೆಟ್ಟಿಲ ಕಡೆ ಗಾಳ ಹಾಕಬಹುದು, ಮೀನು ವಾಪಸು ಬಿಡಬೇಕು. ಭಾನುವಾರ ಉಳಿಯಿತು! ಕುಣಿಯಬೇಕಿತ್ತು.

ಮೇಷ್ಟ್ರು ಫೋನು ಎತ್ತುತ್ತಿಲ್ಲ. ಕಾರ್ಯದರ್ಶಿ ಸ್ಥಾನಕ್ಕೆ ಬೇರೆಯವರನ್ನು ನೋಡಿಕೊಂಡಿದ್ದಾರಂತೆ. ಇನ್ನು ವಾರಕ್ಕೊಂದು ಮೀನೂ ತಿನ್ನಲಾಗದ ಬೇಕರಿಯವನು, ಬ್ರೆಡ್ಡು ತರಲು ಹೋದ ನನ್ನ ಹೆಂಡತಿಗೆ ನಿನ್ನೆಯದನ್ನು ಕೊಟ್ಟು ಕಳಿಸಿದ. ಅದಿರಲಿ. ಗುಬ್ಬಿಯನ್ನು ಬಳಗದವರು ತಮ್ಮ ಫೋನ್ ಗ್ರೂಪಿನಿಂದ ತೆಗೆದರಂತೆ. ಹತ್ತು ವರ್ಷ ಅವರಿಗಾಗಿ ಒದ್ದಾಡಿದವಳು. “ನೆಮ್ಮದಿ, ದಿನವಿಡೀ ಟಿಂಗ್ ಟಿಂಗ್ ಅಂತಿತ್ತು,” ಎಂದು ನಕ್ಕಳು. ಮಹಡಿಗೆ ಹೋದ ಮೇಲೆ ಮೂಗು ಸೀನಿಕೊಂಡ ಸದ್ದು ಕೆಳಗೆ ಕೇಳಿಸಿತು. ಹತ್ತಿ ಹೋಗೋಣ ಎಂದುಕೊಂಡೆ. ಏನು ಹೇಳುವುದು? ನನಗಾಗಿ ಮಾಡಿದೆಯಾ ಎಂದು ಕೇಳಿದರೆ ಹೊಡೆಯುತ್ತಾಳೆ.

ಜೂನ್ ೨೩, ಭಾನುವಾರ

ಬೆಳಗ್ಗೆ ಮಹಡಿಯ ಬಾಗಿಲು ಬಡಿದು, “ಬರ್ತೀಯೇನೇ?” ಎಂದೆ. ಕೋಲು ನೋಡಿ ಮುಖ ಸಿಂಡರಿಸಿದಳು, ಆದರೂ ಬಂದಳು.

ಮೆಟ್ಟಿಲಿನ ಈ ತುದಿಯಲ್ಲಿ ನಾವಿಬ್ಬರೇ. ಸಂಘದವರು ಆ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದರು. ಗಾಳಕ್ಕೆ ಎರೆಹುಳು ಸಿಕ್ಕಿಸುವಾಗ ಗುಬ್ಬಿ ಆ ಕಡೆ ತಿರುಗಿಕೊಂಡಳು. ದಾರ ಎಸೆದೆ. ಬೆಂಡು ನಿಂತಿತು. ನನಗೆ ಗಮನವೆಲ್ಲ ಜೊಂಡಿನ ಕಡೆಗೆ, ಮರಿಗಳು ಈಗ ಕಿರುಬೆರಳಿನಷ್ಟಾಗಿವೆ, ಹಿಂಡಾಗಿ ತಿರುಗಿದಾಗ ನೀರು ಮಿಣಕ್ ಎನ್ನುತ್ತದೆ.

“ಅಣ್ಣ. ನಡುಗ್ತಿದೆ.”

“ಗಾಳಿ ಇರ್ಬೇಕು.”

“ಗಾಳಿ ಅಲ್ಲ! ಗಾಳಿಗಾದ್ರೆ ಓಲಾಡುತ್ತೆ! ಅಣ್ಣ, ಮುಳುಗ್ತು! ಎಳಿ! ಎಳಿಯೋ! ಎಳಿ ಅಂತೀನಿ!”

ಇಡೀ ಕೆರೆಗೆ ಕೇಳುವ ಹಾಗೆ ಕಿರುಚಿದಳು, ಎದ್ದು ನಿಂತು, ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಆ ತುದಿಯವರೆಲ್ಲ ಬೆನ್ನು ತಿರುಗಿಸಿ ನೋಡಿದರು. ಕೋಲು ಬಿಲ್ಲಿನಂತೆ ಬಗ್ಗಿತ್ತು, ದೊಡ್ಡದೇ ಇರಬೇಕು. ನಾನು ಕೋಲಿನ ತುದಿಯನ್ನು ತಗ್ಗಿಸಿದೆ. ದಾರ ಸಡಿಲವಾಯಿತು, ಮುಳ್ಳಿಲ್ಲದ ಗಾಳ, ಜಾರಿತು. ಬೆಂಡು ಮೇಲೆ ಬಂದು ಮಲಗಿತು.

“ಯಾಕೆ ಎಳೀಲಿಲ್ಲ?” ಅವಳಿಗೆ ಅಳುವೇ ಬಂದಿತ್ತು.

“ಕೈ ಜೋಮು ಹಿಡಿದಿತ್ತು,” ಎಂದೆ. ಜೋಮೇನೂ ಹಿಡಿದಿರಲಿಲ್ಲ. ಯಾಕೆ ತಗ್ಗಿಸಿದೆನೋ ನನಗೂ ಗೊತ್ತಿಲ್ಲ. ವಯಸ್ಸಾಯಿತು, ಇನ್ನೇನು.

ದಾರಿಯುದ್ದಕ್ಕೂ ಬೈದಳು. ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲೇ ಅತ್ತಿಗೆಯ ಹತ್ತಿರ ದೂರು. “ನೋಡಿ ಅತ್ತಿಗೆ, ಇಷ್ಟುದ್ದ ಇತ್ತು! ಕೈಗೆ ಬಂದಿದ್ದನ್ನ ಕಳ್ಕೊಂಡ! ಇವನಿಂದ ಏನೂ ಆಗಲ್ಲ, ಮುಂದಿನ ವಾರ ಕೋಲು ನಾನೇ ಹಿಡ್ಕೋತೀನಿ!”

ಇವಳು ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿದಳು. ಒಳಗೆ ಹೋಗಿ ಮೂರು ಲೋಟ ಚಹಾ ತಂದಳು. ಗುಬ್ಬಿ ಎರಡು ಕೈಗಳನ್ನೂ ಅಗಲಿಸಿ ಮೀನಿನ ಉದ್ದ ತೋರಿಸುತ್ತಲೇ ಇದ್ದಳು, ಲೋಟ ಹಿಡಿಯಲು ಅವಳಿಗೆ ಕೈ ಖಾಲಿಯಿರಲಿಲ್ಲ.